ಬಾಣಂತಿ ಹಗ್ಗದ ದ್ಯಾವೀರವ್ವ

ಹಿಂದೆ, ಬಹಳ ಹಿಂದೆ. ಎಷ್ಟು ಹಿಂದೆ ಅಂತ ಕೇಳಬೇಡಿ, ನನಗೆ ಹೇಳಿದವಳಿಗೂ ಗೊತ್ತಿರಲಿಲ್ಲ, ಅವಳಿಗೆ ಹೇಳಿದವಳಿಗೂ ಗೊತ್ತಿರಲಿಲ್ಲ. ಹೊಂಗೆಕಟ್ಟೆ ಅಂತ ಒಂದೂರು. ಊರ ಮುಂದೆ ಒಂದು ಕೆರೆ. ಕೆರೆಯ ಆಚೆ ಎರಡು ಹರದಾರಿ ದೂರದಲ್ಲಿ ಒಂದು ಪಟ್ಟಣ. ಪಟ್ಟಣ ಆಗ ದೂರದಲ್ಲಿ ಕೂತಿತ್ತಂತೆ. ಆಮೇಲಾಮೇಲೆ ಸರಿದು ಸರಿದು ಹತ್ತಿರ ಬಂತು, ಚಾಪೆಯಲ್ಲಿ ಜಾಗ ಕೇಳುವ ನೆಂಟನ ಹಾಗೆ.

ಆ ಕೆರೆಯಲ್ಲಿ ಯಾರು ಬೇಕಾದರೂ ಗಾಳ ಹಾಕಬಹುದಿತ್ತಂತೆ. ಬೆಸ್ತರವರೇ ಆಗಬೇಕು ಅಂತಿರಲಿಲ್ಲ. ಕುಂಬಾರನೂ ಬರುತ್ತಿದ್ದ, ಕುರಿ ಕಾಯುವವನೂ ಬರುತ್ತಿದ್ದ, ಮುಟ್ಟೊಲ್ಲ ತಿನ್ನೊಲ್ಲ ಅನ್ನುವ ಮನೆಯವನೂ ಸುಮ್ಮನೆ ನೋಡುವುದಕ್ಕೆ ಬಂದು ಕೂರುತ್ತಿದ್ದ. ಒಂದೇ ಕಟ್ಟಳೆ. ಮೊದಲು ಕಚ್ಚಿದ ಮೀನನ್ನು ಕೆರೆಗೇ ಬಿಡಬೇಕು. ಇನ್ನೊಂದು ಕಟ್ಟಳೆ ಇತ್ತು, ಈ ಕಥೆಯೆಲ್ಲ ಅದರದ್ದೇ, ಅದನ್ನು ಸರಿಯಾಗಿ ಕೇಳಿಸಿಕೊಳ್ಳಿ.

ಮುಂಗಾರಿನ ಹೊಸ ನೀರು ಬಂದಾಗ ಮೀನು ಮೊಟ್ಟೆ ಇಡುತ್ತವೆ. ಆವಾಗ ಊರವರು ಕೆರೆ ಬಾಣಂತಿ ಅನ್ನುತ್ತಿದ್ದರು. ಬಾಣಂತಿ ಮನೆಗೆ ಯಾರಾದರೂ ನುಗ್ಗುತ್ತಾರಾ? ಹಾಗೇ ಕೆರೆಗೂ ನಲವತ್ತು ದಿನ. ಕೆರೆಗೆ ಇಳಿಯುವ ಸೋಪಾನದ ಎರಡು ಕಡೆ ಎರಡು ಕಲ್ಲುಕಂಬ. ಕತ್ತಾಳೆ ನಾರಿನ ಹಗ್ಗಕ್ಕೆ ಬೇವಿನ ಸೊಪ್ಪು ಸಿಕ್ಕಿಸಿ ಈ ಕಂಬದಿಂದ ಆ ಕಂಬಕ್ಕೆ ಕಟ್ಟುತ್ತಿದ್ದರು. ಅಷ್ಟೇ. ಕಾವಲಿಲ್ಲ, ಬೀಗವಿಲ್ಲ. ಒಂದು ಕೂಸು ಕೂಡ ಎತ್ತಿ ದಾಟಬಹುದಾದ ಹಗ್ಗ. ಆದರೆ ಆ ನಲವತ್ತು ದಿನ ಒಂದು ಗಾಳವೂ ನೀರಿಗೆ ಬೀಳುತ್ತಿರಲಿಲ್ಲವಂತೆ. ಗಂಟು ಹಾಕಿದ ಕೈಯೇ ಗಂಟು ಬಿಚ್ಚಬೇಕು. ಬೇರೆ ಕೈ ಬಿಚ್ಚಿದರೆ ಮೀನು ಮೊಟ್ಟೆ ನುಂಗುತ್ತವೆ, ಕೆರೆ ಬಂಜೆಯಾಗುತ್ತದೆ ಅಂತ ನಂಬಿಕೆ.

ಆ ಹಗ್ಗ ಕಟ್ಟುತ್ತಿದ್ದವಳು ದ್ಯಾವೀರವ್ವ. ಬೆಸ್ತರ ಮನೆಯವಳು, ಗಂಡ ತೀರಿಕೊಂಡವಳು, ಗಾಳ ಹಾಕುವುದರಲ್ಲಿ ಗಂಡಸರಿಗೆ ಗಂಡಸು. ಅವಳು ನೀರು ಮೂಸಿ ಇಲ್ಲಿ ಗೆಂಡೆ ಇದೆ, ಇಲ್ಲಿ ಚೇಳುಮೀನು ಇದೆ ಅನ್ನುತ್ತಿದ್ದಳಂತೆ. ಅವಳು ಕೂಗಿದರೆ ಮೀನು ದಡಕ್ಕೆ ಬರುತ್ತಿದ್ದವು ಅಂತಲೂ ಹೇಳುತ್ತಾರೆ. ನಾನು ಅದನ್ನು ಹೇಳೊಲ್ಲ. ಕೂಗಿದರೆ ಮೀನು ಓಡಿಹೋಗುತ್ತವೆ, ಅಷ್ಟೂ ಗೊತ್ತಿಲ್ಲವಾ ನನಗೆ.

ಹಿಂಗಿರುವಾಗ ಒಂದು ಮುಂಗಾರಿನಲ್ಲಿ ಪಟ್ಟಣದಿಂದ ಒಬ್ಬ ಸಾಹೇಬ ಬಂದ. ನೀರಿನ ಸಾಹೇಬ. ಅವನ ಹೆಸರು ಯಾರಿಗೂ ನೆನಪಿಲ್ಲ. ಕೆರೆ ಅಳೆದ, ನೀರು ಸೀಸೆಗೆ ತುಂಬಿಕೊಂಡ, ಏರಿ ಮೇಲೆ ನಡೆದ. ಒಳ್ಳೆಯವನೇ, ಕೆಟ್ಟವನಲ್ಲವಂತೆ. ದ್ಯಾವೀರವ್ವನ ಜಗಲಿ ಮೇಲೆ ಕೂತು, ಹಿಂದಿನ ದಿನ ಹಿಡಿದ ಗೆಂಡೆಯ ಸಾರಿನಲ್ಲಿ ಎರಡು ಮುದ್ದೆ ಉಂಡ. ಕೈ ತೊಳೆಯುವ ಮೊದಲು ಬೆರಳು ಮೂಸಿಕೊಂಡನಂತೆ.

ಹಗ್ಗ ಕಟ್ಟುವ ದಿನ ಅದೇ. ಊರು ಸೋಪಾನದ ಹತ್ತಿರ ಸೇರಿತ್ತು. ಸಾಹೇಬ ಇದೇನು ಅಂದ, ಹೇಳಿದರು. ಅವನಿಗೆ ಬಹಳ ಚೆಂದ ಅನ್ನಿಸಿತು. ನಾನೂ ಕಟ್ಟಬಹುದಾ ಅಂತ ನಗುತ್ತಾ ಕೇಳಿದ.

ಹೊಂಗೆಕಟ್ಟೆಯವರು ಹೆಂಗೆ ಅಂದರೆ, ನೆಂಟ ಬಂದರೆ ಮೊದಲ ಎಲೆ ಅವನಿಗೆ, ಮೊದಲ ತುತ್ತು ಅವನಿಗೆ, ಮೊದಲ ಮಾತು ಅವನಿಗೆ. ಇಲ್ಲ ಅನ್ನುವುದು ಆ ಊರ ಬಾಯಿಗೆ ಬರುತ್ತಿರಲಿಲ್ಲ. ದ್ಯಾವೀರವ್ವ ಹಿಗ್ಗಿ ಹೀರೇಕಾಯಿ ಆದಳು. ತನ್ನ ಕೈಯಾರೆ ಹಗ್ಗದ ತುದಿಯನ್ನು ಅವನ ಕೈಗೆ ಕೊಟ್ಟಳು.

"ಬಿಗಿಯಾಗಿ ಕಟ್ಟಿ ಸಾಮಿ, ಸಡ್ಲ ಬಿಟ್ಟೀರಿ!" ಅಂದಳಂತೆ.

ಅವನು ಬಿಗಿಯಾಗಿ ಕಟ್ಟಿದ. ಊರು ಚಪ್ಪಾಳೆ ತಟ್ಟಿತು. ನಲವತ್ತು ದಿನಕ್ಕೆ ಬಂದು ಬಿಚ್ಚಬೇಕು ಅಂತ ಯಜಮಾನ ಚಿಕ್ಕತಾಯಪ್ಪ ನೆನಪು ಮಾಡಿದ. ಬರುತ್ತೇನೆ ಅಂದ. ಹೋದ.

ನಲವತ್ತು ದಿನವಾಯಿತು. ಬರಲಿಲ್ಲ. ಐವತ್ತಾಯಿತು. ಬರಲಿಲ್ಲ. ಅರವತ್ತಾಯಿತು. ಬೇವಿನ ಸೊಪ್ಪು ಒಣಗಿ ಉದುರಿತು. ಮೀನು ಎದ್ದೆದ್ದು ನೀರಿಗೆ ಬೀಳುವ ಸದ್ದು ಮನೆಮನೆಗೆ ಕೇಳುತ್ತಿತ್ತಂತೆ. ಗಾಳದ ಕೋಲು ಹಿಡಿದವರು ಸೋಪಾನದವರೆಗೆ ಹೋಗುವುದು, ಹಗ್ಗ ನೋಡುವುದು, ತಿರುಗುವುದು. ಮತ್ತೆ ಹೋಗುವುದು, ಮತ್ತೆ ತಿರುಗುವುದು. ಇಡೀ ಊರು ಕರು ಹಾಕುವ ಹಸುವಿನ ಹಾಗೆ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಕುಯ್ದು ಹಾಕೋಣ ಅಂತ ಒಬ್ಬ ಕುಡುಗೋಲು ತಂದ.

"ಬಾಣಂತಿ ಹಗ್ಗಕ್ಕೆ ಕುಡುಗೋಲು ಇಕ್ಕೀಯಾ? ನಿಂಗೆ ಹೆಂಡ್ರು ಮಕ್ಳು ಬೇಡ್ವಾ?" ಅಂತ ಚಿಕ್ಕತಾಯಪ್ಪ ಗದರಿದ. ಅವನು ಕುಡುಗೋಲು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ಹೋದ.

ಹಿಂಗೇ ಕಾಯುತ್ತಾ ಇರುವಾಗ ಸಾಹೇಬ ಬರಲಿಲ್ಲ, ಬೇರೆಯವರು ಬಂದರು. ಕಲ್ಲುಕಂಬ ತಂದರು, ತಂತಿ ತಂದರು. ಕೆರೆ ಸುತ್ತ ಬೇಲಿ ಎಳೆದರು. ಇನ್ನು ಮೇಲೆ ಈ ನೀರು ಪಟ್ಟಣ ಕುಡಿಯುವ ನೀರು, ಇದರಲ್ಲಿ ಯಾರೂ ಇಳಿಯಬಾರದು, ಗಾಳ ಹಾಕಬಾರದು ಅಂದರು. ಊರವರು, ನಾವು ಹಿಂದಿನಿಂದ ಮೀನು ಹಿಡಿದುಕೊಂಡು ಬಂದವರು ಅಂದರು. ಬೇಲಿಯವರು ಕಾಗದ ತೆಗೆದು ಓದಿದರು. ಅದರಲ್ಲಿ ಆ ಸಾಹೇಬ ಬರೆದಿದ್ದನಂತೆ: ಈ ಕೆರೆಯಲ್ಲಿ ಯಾರೂ ಮೀನು ಹಿಡಿಯುವುದಿಲ್ಲ. ನಾನೇ ಕಣ್ಣಾರೆ ಕಂಡೆ. ಆಮೇಲೆ ಆಳು ಕಳಿಸಿ ಎರಡು ಸಲ ನೋಡಿಸಿದೆ, ಆಗಲೂ ಒಂದು ಗಾಳವೂ ನೀರಿನಲ್ಲಿರಲಿಲ್ಲ.

ಸುಳ್ಳಲ್ಲವಲ್ಲ! ಯಾರನ್ನು ಬೈಯುವುದು? ಊರ ಕಟ್ಟಳೆಯೇ ಊರ ಮೇಲೆ ಸಾಕ್ಷಿ ಹೇಳಿತ್ತು.

ಬೇಲಿಯವರು ಸೋಪಾನದ ಎರಡೂ ಕಲ್ಲು ಕಿತ್ತು ಉರುಳಿಸಿದರು. ಹಗ್ಗ ಕಳಚಿ ಬಿತ್ತು, ಗಂಟು ಮಾತ್ರ ಗಂಟಾಗೇ ಇತ್ತು. ದ್ಯಾವೀರವ್ವ ಹೋಗಿ ಅದನ್ನು ಎತ್ತಿ ಮಡಿಲಿಗೆ ಹಾಕಿಕೊಂಡಳು. ನೆರೆಮನೆ ಹೆಂಗಸರು, ಇನ್ನೇನೈತೆ ಬಿಚ್ಚಿ ಬಿಸಾಕವ್ವ, ಯಾರು ನೋಡ್ತಾರೆ ಅಂದರಂತೆ.

"ಮೀನು ನೋಡ್ತವೆ" ಅಂದಳಂತೆ ಅವಳು.

ಆವತ್ತಿನಿಂದ ಅವಳಿಗೆ ನಿಂತಲ್ಲಿ ನೆಲ ಸುಡುತ್ತಿತ್ತು. ನಾನೇ ಕೊಟ್ಟೆ, ನನ್ನ ಕೈಯಾರೆ ಕೊಟ್ಟೆ ಅಂತ ಒಂದೇ ಮಾತು. ಕಟ್ಟಿದವನನ್ನು ಹುಡುಕಿ ಬಿಚ್ಚಿಸಿಕೊಂಡು ಬರುತ್ತೇನೆ ಅಂತ ಪಟ್ಟಣಕ್ಕೆ ನಡೆದಳು. ಅಲ್ಲಿ ಕೇಳಿದರೆ, ಆ ಸಾಹೇಬರಿಗೆ ವರ್ಗವಾಯಿತು ಅಂದರು. ವರ್ಗವಾದ ಊರಿಗೆ ಹೋದಳು. ಅಲ್ಲಿಂದಲೂ ವರ್ಗ. ಇನ್ನೊಂದು ಊರಿಗೆ ಹೋದಳು. ಅಲ್ಲಿಂದಲೂ ಎದ್ದಿದ್ದ. ಅವಳು ಬಾಗಿಲಿಗೆ ಬರುವ ಹೊತ್ತಿಗೆ ಅವನು ಇನ್ನೊಂದು ಬಾಗಿಲಲ್ಲಿ. ಏಳು ಊರು ತಿರುಗಿದಳು ಅನ್ನುತ್ತಾರೆ, ಹನ್ನೆರಡು ಅನ್ನುವವರೂ ಇದ್ದಾರೆ. ಅವಳು ಮಡಿಲು ಬಿಚ್ಚಿ ಕೂತಲ್ಲೆಲ್ಲ ಒಣಬಾವಿ ಒಸರುತ್ತಿತ್ತು ಅಂತ ಹೇಳುತ್ತಾರೆ. ಇರಬಹುದು. ಕಾಲು ಮಾತ್ರ ಒಡೆದು ಹೋಗಿತ್ತು, ಅದು ನಿಜ.

ನಡುನಡುವೆ ಊರಿಗೆ ಬರುತ್ತಿದ್ದಳು. ರಾಗಿ ಬೀಸಿಕೊಂಡು, ಬುತ್ತಿ ಕಟ್ಟಿಕೊಂಡು, ಮತ್ತೆ ಹೊರಡುತ್ತಿದ್ದಳು. ಮನೆಯಲ್ಲಿ ಕೂತು ಉಂಡದ್ದನ್ನು ಯಾರೂ ನೋಡಲಿಲ್ಲವಂತೆ.

"ಎಲ್ಲಿಗವ್ವ ಸವಾರಿ?" ಅಂತ ಕೆಣಕುತ್ತಿದ್ದರು.

"ನಿಮ್ ಬಾಯಿಗೆ ಮೀನು ತರಾಕೆ. ಬಾಯಿ ತೊಳ್ಕೊಂಡು ಕೂತಿರಿ" ಅನ್ನುತ್ತಿದ್ದಳು.

ಒಂದು ಸಲ ಬಂದಾಗ ಊರಲ್ಲಿ ಒಂದು ಮದುವೆ. ಬೀಗರ ಕಡೆಯವರು ಎಲ್ಲಿಂದಲೋ ಮೀನು ತಂದು ಸಾರು ಮಾಡಿದ್ದರು. ಹೊಂಗೆಕಟ್ಟೆಯ ಬೆಸ್ತರ ಹುಡುಗಿಯೊಬ್ಬಳ ಗಂಟಲಿಗೆ ಮುಳ್ಳು ಸಿಕ್ಕಿಕೊಂಡಿತು. ಕಣ್ಣು ಮೇಲೆ ಕೆಳಗೆ ಮಾಡಿತು ಕೂಸು. ಬೆನ್ನಿಗೆ ಗುದ್ದಿ, ಅನ್ನದುಂಡೆ ನುಂಗಿಸಿ ಉಳಿಸಿದರು. ಬೆಸ್ತರ ಕೂಸಿಗೆ ಮುಳ್ಳು ಬಿಡಿಸಿ ತಿನ್ನುವುದು ಗೊತ್ತಿಲ್ಲ! ದ್ಯಾವೀರವ್ವ ಕೈಯಲ್ಲಿದ್ದ ತುತ್ತು ಎಲೆಯ ಮೇಲೆ ಇಟ್ಟು ಎದ್ದಳು. ಎದ್ದವಳು ಸಾಹೇಬನನ್ನು ಕಾಣುವವರೆಗೆ ಊರಿಗೆ ಬರಲಿಲ್ಲ.

ಕಂಡಳು. ಕೊನೆಗೂ ಕಂಡಳು. ಯಾವುದೋ ಊರಲ್ಲಿ, ಮಗನ ಮನೆಯ ಜಗಲಿಯಲ್ಲಿ ಮುದುಕನಾಗಿ ಕೂತಿದ್ದ. ಅವನಿಗೆ ಕೆರೆಯೂ ನೆನಪಿಲ್ಲ, ಊರೂ ನೆನಪಿಲ್ಲ. ಅವಳು ಹಗ್ಗ ತೆಗೆದು ಅವನ ತೊಡೆ ಮೇಲೆ ಇಟ್ಟಳು.

"ಏನಮ್ಮ ಇದು?"

"ನಿಮ್ ಗಂಟು, ಸಾಮಿ."

ಅವನು ಹಗ್ಗ ಎತ್ತಿ ಮೂಸಿದ. ಮೂಸಿದ ಮೇಲೆ ಬೆರಳು ನೋಡಿಕೊಂಡ. ಆವಾಗ ಸಾರು ನೆನಪಾಯಿತು, ಸಾರಿನ ಹಿಂದೆ ಊರು ನೆನಪಾಯಿತು, ಊರಿನ ಹಿಂದೆ ಬರುತ್ತೇನೆ ಅಂದದ್ದು ನೆನಪಾಯಿತು. ತಲೆ ತಗ್ಗಿಸಿದ. ನಾನು ಸುಳ್ಳು ಬರೆಯಲಿಲ್ಲ ತಾಯಿ, ನೋಡಿದ್ದನ್ನೇ ಬರೆದೆ ಅಂದ.

"ನೋಡಿದ್ದು ದಿಟ. ಯಾವಾಗ ನೋಡಿದ್ರಿ? ಬಾಣಂತಿ ಮನೆಗೆ ಬಂದು, ಇವ್ಳು ಹೊಲಕ್ಕೆ ಹೋಗಾಕಿಲ್ಲ, ಇವ್ಳಿಗೆ ಹೊಲ ಯಾಕೆ ಅಂತ ಬರ್ಕೊಂಡು ಹೋದಂಗಾಯ್ತು" ಅಂದಳಂತೆ ದ್ಯಾವೀರವ್ವ.

ಅವನು ಗಂಟಿಗೆ ಕೈ ಹಾಕಿದ. ಅಷ್ಟು ವರ್ಷದ ಗಂಟು ಕಲ್ಲಾಗಿತ್ತು. ಬೆಳಗಿನ ಬಿಸಿಲು ಜಗಲಿಯಿಂದ ಅಂಗಳಕ್ಕೆ ಇಳಿಯಿತು, ಅಂಗಳದಿಂದ ಬೀದಿಗೆ ಹೋಯಿತು. ಸೊಸೆ ನೋಡಲಾರದೆ ಚಾಕು ತಂದಳು. ದ್ಯಾವೀರವ್ವ ಅವಳ ಕೈ ಹಿಡಿದು ನಿಲ್ಲಿಸಿದಳು. ಮುದುಕನ ಉಗುರು ಕಿತ್ತು ರಕ್ತ ಬಂತಂತೆ. ಸಂಜೆ ದೀಪ ಹಚ್ಚುವ ಮೊದಲು ಗಂಟು ಸಡಿಲಾಯಿತು.

ಬೇಲಿ ತೆಗೆಸುವುದು ನನ್ನ ಕೈಯಲ್ಲಿಲ್ಲವಲ್ಲ ತಾಯಿ ಅಂತ ಅತ್ತನಂತೆ ಅವನು.

"ಬೇಲಿ ನಿಮ್ಮೋರ್ದು. ಹಗ್ಗ ನಮ್ದು. ನಮ್ದು ಬಿಚ್ತಲ್ಲ, ಇನ್ನು ನೋಡ್ಕೋತೀನಿ" ಅಂದು, ಅವನ ಬೆರಳಿಗೆ ಅರಿಶಿನ ಹಚ್ಚಲು ಸೊಸೆಗೆ ಹೇಳಿ, ಹೊರಟಳು.

ಊರಿಗೆ ಬಂದವಳು ಮನೆಗೂ ಹೋಗಲಿಲ್ಲ ಅನ್ನುತ್ತಾರೆ. ಹೋಗದೆ ಏನು, ಕೋಲು ಮನೆಯಲ್ಲಲ್ಲವೇ ಇದ್ದದ್ದು. ಗಾಳದ ಕೋಲು ತೆಗೆದುಕೊಂಡು ಏರಿ ಹತ್ತಿದಳು. ಬೇಲಿ ದಾಟುವ ವಯಸ್ಸು ಅವಳದ್ದಲ್ಲ. ಬೇಲಿಯ ಈಚೆ ಕೂತು, ತಂತಿಯ ಕಿಂಡಿಯಲ್ಲಿ ಕೋಲು ತೂರಿಸಿ ಕೆಳಕ್ಕೆ ಚಾಚಿದಳು. ಗಾಳ ನೀರಿಗೆ ಬೀಳಲಿಲ್ಲ. ನೀರು ದೂರವಿತ್ತು. ಏರಿಯ ಕಲ್ಲಿನ ಮೇಲೆ ಬಿತ್ತು. ಬಿದ್ದರೆ ಬೀಳಲಿ ಅಂತ ಹಿಡಿದುಕೊಂಡು ಕೂತಳು.

ಆಗ ಕೆರೆಗೆ ಕಾವಲು ಬುಡನ್ ಸಾಬರು. ಸೀಟಿ ಊದಿಕೊಂಡು ಬಂದರು. ನೋಡಿದರೆ ಮುದುಕಿ. ಸೀಟಿ ಬಾಯಿಂದ ಜಾರಿತು.

"ಏನಜ್ಜಿ, ಕಲ್ಲಲ್ಲಿ ಮೀನು ಹಿಡೀತಿದ್ದೀಯಾ?"

"ನಿಂಗೇನಂತ ಹೇಳವ್ರೆ ಸಾಬಣ್ಣ?"

"ಯಾರೂ ಒಳಗೆ ಬರಬಾರದು ಅಂತ."

"ನಾನು ಹೊರ್ಗಿವ್ನಿ."

"ಕೋಲು ಒಳಗೈತಲ್ಲ."

"ಕೋಲಿಗೆ ಕಾಲೈತಾ, ಒಳೀಕೆ ಬರಾಕೆ?"

ಬುಡನ್ ಸಾಬರು ಬಹಳ ಹೊತ್ತು ಯೋಚನೆ ಮಾಡಿದರಂತೆ. ಕೋಲಿಗೆ ಕಾಲಿರಲಿಲ್ಲ. ನಕ್ಕುಬಿಟ್ಟರು. ಇನ್ನೊಂದು ಸುತ್ತು ಹಾಕಿಕೊಂಡು ಬರುತ್ತೇನೆ, ಆಮೇಲೆ ನೋಡುತ್ತೇನೆ ಅಂತ ಹೋದರು. ಆ ಸುತ್ತು ಮುಗಿಯುವುದಕ್ಕೆ ಸಂಜೆಯಾಯಿತಂತೆ.

ಮಾರನೆ ದಿನ ಅವಳು ಕೋಲಿಗೆ ಒಂದು ಮೊಳ ಬಿದಿರು ಕಟ್ಟಿದಳು. ಅದರಾಚೆ ದಿನ ಇನ್ನೊಂದು ಮೊಳ. ಕಟ್ಟುವುದು, ತೂರಿಸುವುದು, ನೋಡುವುದು, ಎಳೆದುಕೊಳ್ಳುವುದು, ಮತ್ತೆ ಕಟ್ಟುವುದು. ಬೇಸಿಗೆ ಬಂದು ನೀರು ಇನ್ನೂ ಹಿಂದೆ ಸರಿಯಿತು. ಅವಳು ಬಿಡಲಿಲ್ಲ. ಒಂದು ದಿನ ಬೇಲಿಯಲ್ಲಿ ಕೋಲು ಇತ್ತು, ಅವಳಿರಲಿಲ್ಲ. ಮೀನಾಗಿ ಒಳಗೆ ಹೋದಳು ಅನ್ನುತ್ತಾರೆ. ಇಲ್ಲ, ಅವಳು ತನ್ನ ಚಾಪೆಯ ಮೇಲೆ, ಎಲ್ಲರ ಹಾಗೆ, ಜ್ವರ ಬಂದು ಹೋದಳು. ಬಾಯಿಗೆ ನೀರು ಬಿಟ್ಟವಳು ನನ್ನ ಅಜ್ಜಿಯ ಅಜ್ಜಿಯ ಅತ್ತೆ. ಕೊನೆಗೆ ದ್ಯಾವೀರವ್ವ ಕೇಳಿದ್ದು ಒಂದೇ ಮಾತಂತೆ. ಎಷ್ಟು ಮೊಳ ಐತೆ ಇನ್ನ?

ಅದಕ್ಕೇ ಇವತ್ತಿಗೂ ಹೊಂಗೆಕಟ್ಟೆಯಲ್ಲಿ ನೆಂಟರು ಬಂದರೆ ಎಲ್ಲಾ ಕೊಡುತ್ತಾರೆ, ಹಗ್ಗ ಮುಟ್ಟಿಸೊಲ್ಲ. ಬಾವಿಯಲ್ಲಿ ನೀರು ಸೇದುತ್ತೇನೆ ಅಂದರೂ ಬಿಡೊಲ್ಲ. ಅದು ತಮಗೆ ಮರ್ಯಾದೆ ಅಂದುಕೊಂಡು ನೆಂಟರು ಹಿಗ್ಗುತ್ತಾರೆ.

ಇವತ್ತಿಗೂ ಮುಂಗಾರಿನಲ್ಲಿ ಊರಿನ ಹಿರೇ ಹೆಂಗಸು ಅದೇ ಬೇಲಿಗೆ ಬಾಣಂತಿ ಹಗ್ಗ ಕಟ್ಟುತ್ತಾಳೆ, ನಲವತ್ತನೇ ದಿನ ಅವಳೇ ಬಿಚ್ಚುತ್ತಾಳೆ. ಬಿಚ್ಚಿದ ಮೇಲೆ ದ್ಯಾವೀರವ್ವನ ಕೋಲಿಗೆ ಒಂದು ಮೊಳ ಬಿದಿರು ಕೂಡಿಸುತ್ತಾರೆ, ವರ್ಷಕ್ಕೆ ಒಂದೇ ಮೊಳ. ಹಳೇ ಬಿದಿರು ಲಡ್ಡಾಗಿ ಮುರಿದರೆ ಅಷ್ಟು ಕಡೆ ಹೊಸದು ಹಾಕುತ್ತಾರೆ, ಉದ್ದ ಮಾತ್ರ ಕಮ್ಮಿ ಮಾಡೊಲ್ಲ. ಈಗ ಅದು ಮೂರು ಮನೆ ಜಗಲಿ ಉದ್ದ ಇದೆ. ಹೊರಲು ಎಂಟು ಜನ ಬೇಕು. ಪಟ್ಟಣ ಕೆರೆಯ ಮೂರು ಮಗ್ಗುಲಿಗೂ ಬಂದು ಕೂತಿದೆ, ಮಹಡಿಯ ಮೇಲೆ ನಿಂತವರು ನಮ್ಮನ್ನು ನೋಡಿ ನಗುತ್ತಾರೆ. ನಗಲಿ. ಕಾವಲಿನವರು ಆವತ್ತು ಆಚೆ ಕಡೆ ಸುತ್ತು ಹಾಕಲು ಹೋಗುತ್ತಾರೆ, ಅದೂ ಬುಡನ್ ಸಾಬರ ಕಾಲದ್ದು. ಕೋಲು ತೂರಿಸುತ್ತೇವೆ, ಸಂಜೆವರೆಗೆ ಹಿಡಿಯುತ್ತೇವೆ, ಎಳೆದುಕೊಳ್ಳುತ್ತೇವೆ.

ಹೋದ ವರ್ಷ ಎಳೆದುಕೊಂಡಾಗ ಗಾಳ ಒದ್ದೆಯಾಗಿತ್ತು.

ಒಬ್ಬ ತುಂತುರು ಮಳೆ ಅಂದ. ಇನ್ನೊಬ್ಬ ಕಲ್ಲಿನ ಪಾಚಿ ಅಂದ. ಹಗ್ಗ ಬಿಚ್ಚಿದ್ದು ನಾನು, ಗಾಳವನ್ನು ನನ್ನ ಕೈಗೆ ಕೊಟ್ಟರು. ನಾನು ಮೂಸಿ ನೋಡಿದೆ.

ಈ ಸಲದ ಬಿದಿರು ಆಗಲೇ ಕಡಿಸಿ ಇಟ್ಟಿದ್ದೇನೆ.