ತಮ್ಮನ ಹೆಸರಿನ ಬೆಲ್ಲದ ಮಂಡಿ

ಹೆಂಡತಿಗೆ ಒಂದು ಅಚ್ಚು ಬೆಲ್ಲವನ್ನೂ ಕೊಡದೆ ಬಿಡುಗಡೆ ಪಡೆಯುತ್ತೇನೆ ಎಂದು ಬೆಲ್ಲದ ಮಂಡಿಯ ಕರಿಬಸಪ್ಪ ಶೆಟ್ಟಿ ಪೇಟೆಯಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದ.

ಕೆಂಚನಾಯಕನ ಸೀಮೆಯಲ್ಲಿ ಗಂಡ ಹೆಂಡತಿ ಬೇರೆಯಾಗಬೇಕಾದರೆ ನಾಯಕನ ಚಾವಡಿಗೆ ಬಂದು ಒಂದು ವೀಳ್ಯದೆಲೆಯನ್ನು ಇಬ್ಬರೂ ಹಿಡಿದು ಹರಿಯಬೇಕು. ಎಲೆ ಹರಿಯುವ ಮುಂಚೆ ಮನೆ, ಒಡವೆ, ಸಾಲ, ಮಕ್ಕಳು ಎಲ್ಲ ಇತ್ಯರ್ಥವಾಗಬೇಕು. ಕೂಡಿ ಬಾಳಿದಾಗ ಆದದ್ದರಲ್ಲಿ ಹೆಂಡತಿಗೆ ಅರ್ಧ ಎಂಬುದು ಅಲ್ಲಿನ ಕಟ್ಟಳೆ. ಅರ್ಧ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಶೆಟ್ಟಿಗೆ ಮೈಯೆಲ್ಲ ಉರಿಯುತ್ತಿತ್ತು.

ಅದಕ್ಕೇ ಅವನು ಮಂಡಿ, ಮನೆ, ಎತ್ತು ಎಲ್ಲವನ್ನೂ ತಮ್ಮ ಚನ್ನಮಲ್ಲನ ಹೆಸರಿಗೆ ಮಾಡಿಟ್ಟ. ಚನ್ನಮಲ್ಲ ಬಾಯಿಸತ್ತವನು. ಊಟಕ್ಕೆ ಕೂತರೆ ಅಣ್ಣನ ಮುಖ ನೋಡಿಯೇ ಉಪ್ಪು ಬಡಿಸಿಕೊಳ್ಳುವವನು. ಇಂಥವನ ಹತ್ತಿರ ಆಸ್ತಿ ಇಟ್ಟರೆ ಪೆಟ್ಟಿಗೆಯಲ್ಲಿ ಇಟ್ಟ ಹಾಗೆಯೇ ಎಂದು ಶೆಟ್ಟಿಯ ಎಣಿಕೆ.

"ಚಾವಡೀಲಿ ಯಾರು ಏನೇ ಹೆಸರೆತ್ತಿ ಯಾರದು ಅಂತ ಕೇಳಲಿ, ನಂದು ಅನ್ನು. ಬೇರೆ ಮಾತೇ ಬೇಡ. ಎಲ್ಲಿ, ಈ ಮನೆ ಯಾರದು?"

"ನಿಂದು, ಅಣ್ಣ."

ಪಾಠ ಬಾಯಿಗೆ ಬರುವಷ್ಟರಲ್ಲಿ ಶೆಟ್ಟಿಯ ಗಂಟಲು ಕಟ್ಟಿತು.

ಚಾವಡಿಯಲ್ಲಿ ನಾಯಕನ ಬಲಗಡೆ ಹೊನ್ನರಸ ಕೂತು ಅಡಿಕೆ ಕತ್ತರಿಸುತ್ತಿದ್ದ. ತೊಡಕಿನ ನ್ಯಾಯ ಬಂದರೆ ನಾಯಕ ಅವನತ್ತ ತಿರುಗುವುದು ವಾಡಿಕೆ.

"ಬಿಡುಗಡೆ ಯಾಕಪ್ಪ?" ಎಂದು ಹೊನ್ನರಸ ಕೇಳಿದ.

"ಸಾಕಾಯ್ತು ಸ್ವಾಮಿ," ಎಂದ ಶೆಟ್ಟಿ.

"ನನಗೂ ಸಾಕಾಯ್ತು," ಎಂದಳು ಅವನ ಹೆಂಡತಿ ಗುರುಸಿದ್ದವ್ವ. ಹದಿನೈದು ವರ್ಷದಲ್ಲಿ ಇಬ್ಬರೂ ಒಪ್ಪಿದ ಮಾತು ಇದೊಂದೇ ಇರಬೇಕು.

"ಮಗಳು ಯಾರ ಹತ್ತಿರ?"

"ತಾಯಿ ಹತ್ತಿರವೇ ಇರಲಿ," ಎಂದು ಶೆಟ್ಟಿ ಉದಾರನಾದ.

"ಸಾಕೋದಕ್ಕೆ ಏನು ಕೊಡ್ತೀರಿ?"

"ನನ್ನ ಹತ್ತಿರ ಏನಿದೆ ಸ್ವಾಮಿ? ಉಟ್ಟ ಪಂಚೆ ಒಂದೇ ನಂದು. ಮಂಡಿ, ಮನೆ ಎಲ್ಲ ತಮ್ಮನದು. ಸಾಲ ಮಾತ್ರ ನಾನೂ ಅವಳೂ ಇದ್ದಾಗ ಆದದ್ದು. ಅದರಲ್ಲಿ ಅರ್ಧ ಅವಳು ಹೊರಲಿ."

ಗುರುಸಿದ್ದವ್ವ ಮುಂದೆ ಬಂದಳು. "ಮಂಡಿ ಹಾಕಿದ್ದು ನನ್ನ ತವರಿನ ಬಳೆ ಮಾರಿ, ಸ್ವಾಮಿ. ಈಗ ನಾನು ಮಗಳನ್ನ ಕಟ್ಟಿಕೊಂಡು ಎಲ್ಲಿಗೆ ಹೋಗಲಿ?"

ಹೊನ್ನರಸ ಚನ್ನಮಲ್ಲನನ್ನು ಕರೆದ.

"ಮಂಡಿ ಯಾರದು?"

"ನಂದು."

"ಮನೆ?"

"ನಂದು."

"ಮಂಡಿಯ ಸಾಲ?"

"ನಂದು."

ಶೆಟ್ಟಿ ಕೆಮ್ಮಿದ. ಸಾಲದ ಪಾಠ ಬೇರೆ ಇದೆ ಎಂದು ಹೇಳಿಕೊಡುವುದು ಅವನಿಗೆ ಮರೆತೇ ಹೋಗಿತ್ತು.

"ಶೆಟ್ಟರು ಸತ್ಯವಂತರು," ಎಂದ ಹೊನ್ನರಸ. "ಡಂಗುರ ಹೊಡೆಸಿ. ಇವತ್ತಿನಿಂದ ಚನ್ನಮಲ್ಲನೇ ಯಜಮಾನ. ಮಂಡಿಯ ಗಾದಿ ಮೇಲೆ ಅವನೇ ಕೂರಬೇಕು, ಬೀಗದ ಕೈ ಅವನ ಸೊಂಟದಲ್ಲೇ ಇರಬೇಕು. ಎಂಟು ದಿನ ಬಿಟ್ಟು ಬನ್ನಿ, ಎಲೆ ಹರಿಸೋಣ. ತಾಯಿ, ಅಲ್ಲಿಯವರೆಗೆ ಮಗಳ ಜೊತೆ ಅರಮನೆಯ ಛತ್ರದಲ್ಲಿರಿ."

ಹೊನ್ನರಸನ ಜಾಣತನ ಇಷ್ಟೇ ಏನು ಎಂದುಕೊಂಡು ಶೆಟ್ಟಿ ಮೀಸೆ ತಿರುವುತ್ತ ಮನೆಗೆ ಹೋದ.

ಮೊದಲ ದಿನ ಚನ್ನಮಲ್ಲ ಗಾದಿಯ ಅಂಚಿಗೆ ಕೂತ. ಮರುದಿನ ನಡುವೆ ಕೂತ. ಆಮೇಲೆ ದಿಂಬಿಗೆ ಒರಗಿದ. ಹುಟ್ಟಿದಾಗಿನಿಂದ ಯಾರೂ ಅವನನ್ನು "ಬನ್ನಿ, ಹೋಗಿ" ಅಂದವರಲ್ಲ; ಈಗ ಗಾಡಿಯವರೆಲ್ಲ "ಯಜಮಾನ್ರೇ" ಅನ್ನುತ್ತಿದ್ದರು. ಅದು ಬೆಲ್ಲಕ್ಕಿಂತ ಸಿಹಿಯಾಗಿತ್ತು.

"ಆಟ ಸಾಕು, ಬೀಗದ ಕೈ ಕೊಡೋ," ಎಂದ ಶೆಟ್ಟಿ.

"ನಂದು."

"ನಾನು ಕಣೋ, ನಿಮ್ಮಣ್ಣ."

"ಡಂಗುರ ಕೇಳಿಸಲಿಲ್ವಾ ಅಣ್ಣ?"

ಮನೆಗೆ ಬಂದು ನೋಡಿದರೆ ಶೆಟ್ಟಿಯ ಮಂಚದ ಮೇಲೆ ತಮ್ಮನ ಹಾಸಿಗೆ ಬಿದ್ದಿತ್ತು. "ಜಗಲಿ ಮೇಲೆ ನಿನಗೊಂದು ಚಾಪೆ ಹಾಕಿಸಿದೀನಿ," ಎಂದ ಚನ್ನಮಲ್ಲ. "ಅದೂ ನಂದೇ, ಹರೀಬೇಡ."

ಎಂಟು ದಿನ ತುಂಬುವವರೆಗೆ ಶೆಟ್ಟಿ ಕಾಯಲಿಲ್ಲ. ಚಾವಡಿಗೆ ಓಡಿ ಬಂದು ಹೊನ್ನರಸನ ಕಾಲು ಹಿಡಿದ. "ಸುಳ್ಳು ಹೇಳಿದೆ ಸ್ವಾಮಿ. ಎಲ್ಲ ನಂದೇ."

"ಸಾಕ್ಷಿ?"

"ಪೇಟೆಗೆಲ್ಲ ಗೊತ್ತು."

"ಪೇಟೆಗೆ ಡಂಗುರ ಗೊತ್ತು. ಮಂಡಿ ಹೇಗಾಯ್ತು, ಮನೆಗೆ ಕಲ್ಲು ಎಲ್ಲಿಂದ ಬಂತು, ಎತ್ತು ಯಾರ ದುಡ್ಡಲ್ಲಿ ತಂದದ್ದು, ಎಲ್ಲ ಕಣ್ಣಾರೆ ಕಂಡವರು ಯಾರಿದ್ದಾರೆ ಹೇಳಿ."

ಶೆಟ್ಟಿ ಬೆರಳು ಮಡಿಚಿ ಎಣಿಸಿದ. ಅಂಥವರು ಜಗತ್ತಿನಲ್ಲಿ ಒಬ್ಬರೇ ಇದ್ದರು. ಹಲ್ಲು ಕಚ್ಚಿಕೊಂಡು ಛತ್ರದ ಕಡೆ ನಡೆದ.

ಗುರುಸಿದ್ದವ್ವ ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ಒಂದು ಸಾಕ್ಷಿ ಹೇಳಬೇಕಿತ್ತು," ಎಂದ ಶೆಟ್ಟಿ.

"ಏನಂತ?"

"ಅದೆಲ್ಲ ನಾವು ಮಾಡಿದ್ದು ಅಂತ."

"ನಾವು ಅಂದ್ರೆ?"

ಶೆಟ್ಟಿ ದನಿ ತಗ್ಗಿಸಿದ. "ನೀನೂ ನಾನೂ."

"ಅದನ್ನ ಚಾವಡೀಲಿ ನಾಲ್ಕು ಜನರ ಮುಂದೆ ಮೊದಲು ನೀವು ಹೇಳಿ. ಆಮೇಲೆ ನಾನು ಹೇಳ್ತೀನಿ."

ಹೇಳಿದ. ಅವಳೂ ಹೇಳಿದಳು, ಒಂದೊಂದನ್ನೂ ಬಿಡಿಸಿ ಬಿಡಿಸಿ ಹೇಳಿದಳು. ಚನ್ನಮಲ್ಲನಿಗೆ ಬೀಗದ ಕೈ ಬಿಚ್ಚುವಾಗ ಅಳುವೇ ಬಂತು. ಈ ಸುಳ್ಳು ಯಾರದು ಎಂದು ಹೊನ್ನರಸ ಕೇಳಿದಾಗ ಮಾತ್ರ ಅವನು ನಂದು ಅನ್ನಲಿಲ್ಲ. ಬೆರಳು ಮಾಡಿ ಅಣ್ಣನನ್ನು ತೋರಿಸಿದ.

ಮೊದಲು ತವರಿನ ಬಳೆಯ ಬೆಲೆ ಗುರುಸಿದ್ದವ್ವನಿಗೆ. ಸಾಲ ಕಳೆದು ಉಳಿದದ್ದರಲ್ಲಿ ಇಬ್ಬರಿಗೂ ಸಮಪಾಲು. ಮಗಳು ತಾಯಿಯ ಹತ್ತಿರ, ಅವಳನ್ನು ಸಾಕುವ ಖರ್ಚು ಶೆಟ್ಟಿಯ ಪಾಲಿನಿಂದ. ಇಷ್ಟು ತೀರ್ಪಾದ ಮೇಲೆ ಇಬ್ಬರೂ ಎಲೆ ಹರಿದರು. ಗುರುಸಿದ್ದವ್ವ ಮಗಳ ಕೈ ಹಿಡಿದು ನಿರಾಳವಾಗಿ ಚಾವಡಿಯ ಮೆಟ್ಟಿಲಿಳಿದಳು.

ನಾಯಕ ನಕ್ಕು ನಕ್ಕು ಸುಸ್ತಾದ. "ಆ ಜಿಪುಣನ ಕೈಯಿಂದ ಅರ್ಧ ಹೇಗಯ್ಯ ಬಿಡಿಸಿದೆ?"

"ನಾನೆಲ್ಲಿ ಬಿಡಿಸಿದೆ ಬುದ್ಧಿ? ಶೆಟ್ಟರು ವ್ಯಾಪಾರಸ್ಥರು. ಅರ್ಧ ಹೋಗೋದೇ ಲಾಭ ಅಂತ ಅವರಿಗೇ ಹೊಳೆಯೋದಕ್ಕೆ ನಾಲ್ಕು ದಿನ ಬೇಕಿತ್ತು, ಕೊಟ್ಟೆ."

"ಕೆರೆಯ ಕೆಳಗಿನ ಎರಡು ಗದ್ದೆ ನಿನಗೆ ಇನಾಮು. ನಿನ್ನ ಹೆಸರಿಗೆ ಮಾಡಿಸಿಬಿಡಲೇ?"

ಹೊನ್ನರಸ ಅಡಕತ್ತರಿ ಕೆಳಗಿಟ್ಟು ಕೈ ಮುಗಿದ.

"ಹೆಂಡತಿಯ ಹೆಸರನ್ನೂ ಸೇರಿಸಿ ಬುದ್ಧಿ. ನನಗೂ ಒಬ್ಬ ತಮ್ಮ ಇದ್ದಾನೆ."