ಹೊಗೆಡಬ್ಬ

"ಗುರುಗಳೇ, ದುಃಖದಲ್ಲಿರುವವರಿಗೆ ಏನು ಹೇಳಬೇಕು?" ಎಂದು ಶಂಭುಲಿಂಗ ಕೇಳಿದ.

ಗುರುಗಳು ಶಿಷ್ಯನ ಮುಖ ನೋಡಿದರು. ಇದು ಓದಿನ ನಡುವೆ ಹುಟ್ಟಿದ ಪ್ರಶ್ನೆಯಲ್ಲ ಎಂದು ಅವರಿಗೆ ತಿಳಿಯಿತು. "ಯಾರ ದುಃಖ?" ಎಂದರು.

"ನನ್ನ ತಂಗಿಯದು. ಅವಳ ಗಂಡ ತೀರಿಕೊಂಡು ನಾಲ್ಕು ತಿಂಗಳಾಯಿತು. ಮೂರು ಸಲ ಹೋಗಿ ಬಂದೆ. ದೇಹ ನಶ್ವರ, ಆತ್ಮಕ್ಕೆ ಸಾವಿಲ್ಲ ಎಂದು ನೀವು ಕಲಿಸಿದ್ದನ್ನೆಲ್ಲ ಹೇಳಿದೆ. ಮೂರನೆಯ ಸಲ ಅವಳು ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಹೇಳಬೇಕಾದ ಮಾತು ಬೇರೆ ಏನಾದರೂ ಇದೆಯೇ?"

ಗುರುಗಳು "ಒಂದು ಕತೆ ಹೇಳುತ್ತೇನೆ. ಇದರಲ್ಲಿ ಮೀನು ಬರುತ್ತದೆ. ನಾನು ಮೀನು ತಿನ್ನುವವನಲ್ಲ, ಆದರೆ ಕತೆಗೆ ಮಡಿಯಿಲ್ಲ" ಎಂದು ಶುರು ಮಾಡಿದರು.

ಹೊಳೆ ಸಮುದ್ರ ಸೇರುವ ಒಂದು ಊರಿನಲ್ಲಿ ಮೀನು ಸುಟ್ಟು ಮಾರುವವನೊಬ್ಬನಿದ್ದ. ಹೆಸರು ಜಟ್ಟಪ್ಪ. ಕೈಯಲ್ಲಿ ಎತ್ತಿಕೊಂಡು ಹೋಗಬಹುದಾದ ಇದ್ದಿಲಿನ ಗ್ರಿಲ್ ಒಂದು ಅವನ ಬಳಿ ಇತ್ತು. ಮೂರು ಕಾಲಿನ ದುಂಡನೆಯ ತಗಡು, ಮೇಲೊಂದು ಸರಳಿನ ಜಾಲರಿ, ಅಷ್ಟೇ. ಸಂಜೆ ಅದನ್ನು ಮರಳಿನ ಮೇಲೆ ಇಟ್ಟು, ಇದ್ದಿಲು ಹೊತ್ತಿಸಿ, ರಟ್ಟಿನಿಂದ ಗಾಳಿ ಬೀಸಿ, ಮಸಾಲೆ ಹಚ್ಚಿದ ಬಂಗುಡೆ ಸುಡುತ್ತಿದ್ದ. ಗಿರಾಕಿ ನಿಂತ ಕಾಲಲ್ಲೇ ಮೀನು ಬೆಂದು ಎಲೆಗೆ ಬರುತ್ತಿತ್ತು. ಅವನ ಕೈ ಬೇಗ, ನಡಿಗೆ ಬೇಗ, ಮಾತು ಇನ್ನೂ ಬೇಗ.

ಅವನ ಹೆಂಡತಿ ಮಾದೇವಿ ಜ್ವರ ಬಂದು ಹನ್ನೊಂದನೆಯ ದಿನಕ್ಕೆ ತೀರಿಕೊಂಡಳು. ಅವರಿಗೆ ಮಕ್ಕಳಿರಲಿಲ್ಲ. ಮಾತು ನಿಲ್ಲುವ ಮೊದಲು ಅವಳು ಗಂಡನಿಗೆ ಹೇಳಿದ್ದು ಒಂದೇ. "ನನ್ನ ಅವ್ವನ್ನ ಇಲ್ಲಿಗೆ ಕರಕೊಂಡು ಬನ್ನಿ. ನೋಡ್ಕೊಳ್ಳಿ."

ಅವಳ ಅವ್ವ ಬೀರಮ್ಮ. ಹೊಳೆಯ ಮೇಲ್ದಂಡೆಯ ಹಳ್ಳಿಯವಳು, ಮಾದೇವಿಯನ್ನು ಬಿಟ್ಟರೆ ಬೇರೆ ಮಕ್ಕಳಿಲ್ಲದವಳು. ಹದಿಮೂರನೆಯ ದಿನದ ಕೆಲಸ ಮುಗಿದ ಮೇಲೆ ಜಟ್ಟಪ್ಪ ಅವಳನ್ನು ತನ್ನ ಎರಡು ಕೋಣೆಯ ಮನೆಗೆ ಕರೆತಂದ. ಒಳಗೆ ಬಂದವಳು ಅಡುಗೆಮನೆಯಲ್ಲಿ ನಿಂತು ಗ್ಯಾಸ್ ಒಲೆಯ ಮೇಲಿನ ಗೋಡೆಯನ್ನು ನೋಡಿದಳು.

"ಇಲ್ಲಿ ಮೀನು ಎಲ್ಲಿ ತೂಗುಹಾಕ್ತೀರಿ?" ಎಂದು ಕೇಳಿದಳು.

ಅವಳ ಹಳ್ಳಿಯಲ್ಲಿ ಮಳೆಗಾಲದ ಹೊಳೆಮೀನನ್ನು ಸೌದೆ ಒಲೆಯ ಮೇಲೆ ಹಗ್ಗಕ್ಕೆ ಕಟ್ಟಿ ಹೊಗೆಯಲ್ಲಿ ಒಣಗಿಸುತ್ತಿದ್ದರು. ಜಟ್ಟಪ್ಪನಿಗೆ ಅದು ಗೊತ್ತಿತ್ತು. "ಇಲ್ಲಿ ಫ್ರಿಡ್ಜ್ ಇದೆ ಅತ್ತೆ" ಎಂದ. ಬೀರಮ್ಮ ಹೋಗಿ ಒಳಕೋಣೆಯ ಚಾಪೆಯ ಮೇಲೆ ಮಲಗಿದಳು. ಆಮೇಲೆ ಅವಳು ಮಾತನಾಡಲಿಲ್ಲ. ಗಂಜಿ ಇಟ್ಟರೆ ಎರಡು ಗುಟುಕು ಕುಡಿಯುವಳು. ಅನ್ನ ಇಟ್ಟರೆ ಮುಟ್ಟುವುದಿಲ್ಲ.

ಜಟ್ಟಪ್ಪ ಸುಮ್ಮನಿರುವವನಲ್ಲ. ದಿನಕ್ಕೆ ಹತ್ತು ಸಲ ಬಾಗಿಲಲ್ಲಿ ನಿಂತು ಹೇಳುತ್ತಿದ್ದ. "ಹೋದವರು ಹೋದರು ಅತ್ತೆ. ಇದ್ದವರು ತಿನ್ನಬೇಕಲ್ಲ? ನೀವು ಉಪವಾಸ ಕೂತ್ರೆ ಅವಳು ವಾಪಸ್ ಬರ್ತಾಳಾ?"

ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಪ್ರತಿ ಸಲವೂ ಬೀರಮ್ಮ ಗೋಡೆಯ ಕಡೆಗೆ ಹೊರಳುತ್ತಿದ್ದಳು. ಅವನು ಹೇಳಿ ಮುಗಿಸಿ ಹೊರಟುಬಿಡುತ್ತಿದ್ದ. ಮನೆಯಲ್ಲಿ ಕೂರುವುದು ಅವನಿಗೆ ಆಗುತ್ತಿರಲಿಲ್ಲ. ಬಲೆಯವರ ಹತ್ತಿರ ಹೋಗುವನು, ಇದ್ದಿಲು ತರುವನು, ತೊಳೆದ ಜಾಲರಿಯನ್ನೇ ಮತ್ತೆ ತೊಳೆಯುವನು. ಹೆಂಡತಿಯನ್ನು ಸುಟ್ಟು ಬಂದ ದಿನದಿಂದ ಅವನ ಕಣ್ಣಿನಿಂದ ಒಂದು ಹನಿ ನೀರು ಬಿದ್ದಿರಲಿಲ್ಲ. ಜಟ್ಟಪ್ಪ ಗಟ್ಟಿ ಮನುಷ್ಯ ಎಂದು ನೆರೆಯವರು ಹೊಗಳುತ್ತಿದ್ದರು.

ತಿಂಗಳಾಗುವಷ್ಟರಲ್ಲಿ ಬೀರಮ್ಮನ ಕೈಬಳೆ ಮೊಣಕೈವರೆಗೆ ಜಾರುವಂತಾಯಿತು. ಜಟ್ಟಪ್ಪ ಡಾಕ್ಟರನ್ನು ಕರೆಸಿದ. ಡಾಕ್ಟರು ನೋಡಿ ಹೇಳಿದರು: "ರೋಗ ಇಲ್ಲ. ಆದರೆ ಹೀಗೇ ಇದ್ದರೆ ಬಹಳ ದಿನ ಇರುವುದಿಲ್ಲ. ಅವರು ತಿನ್ನುವಂಥದ್ದು ಏನಾದರೂ ಇದೆಯಾ, ನೆನಪು ಮಾಡಿಕೊಳ್ಳಿ."

ಜಟ್ಟಪ್ಪ ನೆನಪು ಮಾಡಿಕೊಂಡ. ಅತ್ತೆ ಈ ಮನೆಯಲ್ಲಿ ಆಡಿದ್ದು ಒಂದೇ ಮಾತು, ಒಲೆಯ ಮೇಲೆ ತೂಗುಹಾಕುವ ಮೀನಿನದು.

ಸೌದೆ ಒಲೆ ಹೂಡಲು ಅವನಿಗೆ ಜಾಗವಿರಲಿಲ್ಲ. ಇದ್ದದ್ದು ಗ್ರಿಲ್ ಮತ್ತು ಮನೆಯ ಹಿಂದೆ ನಾಲ್ಕು ಮೊಳ ಅಂಗಳ. ಅಂಗಡಿಯಿಂದ ಎರಡು ಖಾಲಿ ಎಣ್ಣೆಡಬ್ಬ ತಂದ. ಎರಡರ ತಲೆಯನ್ನೂ ತಳವನ್ನೂ ಕತ್ತರಿಸಿ ತೆಗೆದ. ಬರಿ ಡಬ್ಬಗಳನ್ನು ಬೆಂಕಿಯಲ್ಲಿ ಚೆನ್ನಾಗಿ ಕಾಯಿಸಿ ಹಳೆಯ ಎಣ್ಣೆಯ ವಾಸನೆ ಕಳೆದ. ಗ್ರಿಲ್ಲಿನ ಮೇಲೆ ಒಂದು ಡಬ್ಬ ನಿಲ್ಲಿಸಿ, ಸಂದಿಗೆ ಜೇಡಿಮಣ್ಣು ಮೆತ್ತಿ, ಡಬ್ಬದ ಬಾಯಿಗೆ ಅಡ್ಡಲಾಗಿ ಎರಡು ಕಬ್ಬಿಣದ ಕಡ್ಡಿ ತೂರಿಸಿದ. ಉಪ್ಪು ಸವರಿ ಆರಿಸಿದ ಬಂಗುಡೆಗಳನ್ನು ಕಡ್ಡಿಗೆ ತೂಗುಹಾಕಿ ಮೇಲೊಂದು ಅಲ್ಯೂಮಿನಿಯಂ ತಟ್ಟೆ ಮುಚ್ಚಿದ.

ಮೊದಲ ದಿನ ದಿನನಿತ್ಯದ ರೂಢಿಯಂತೆ ಇದ್ದಿಲು ತುಂಬಿ ಬೀಸಿದ. ಅರ್ಧ ಗಂಟೆಯಲ್ಲಿ ಮೀನುಗಳು ಹೊರಗೆ ಕರಕಾಗಿ, ಬಾಲ ಕಳಚಿ, ಒಂದೊಂದಾಗಿ ಕೆಂಡಕ್ಕೆ ಬಿದ್ದವು. ಮಾರನೆಯ ದಿನ ಎರಡನೆಯ ಡಬ್ಬವನ್ನು ಮೊದಲನೆಯದರ ಮೇಲೆ ನಿಲ್ಲಿಸಿ ಮೀನನ್ನು ಬೆಂಕಿಯಿಂದ ದೂರ ಏರಿಸಿದ. ಕೆಂಡ ಕಡಿಮೆ ಮಾಡಿದ. ಹೊಗೆ ಹೆಚ್ಚಿದಷ್ಟೂ ಒಳ್ಳೆಯದೆಂದು ಹಸಿ ತೆಂಗಿನ ಸಿಪ್ಪೆ ತುರುಕಿ ಎಲ್ಲ ಸಂದಿಯನ್ನೂ ಮುಚ್ಚಿದ. ದಟ್ಟ ಬಿಳಿ ಹೊಗೆ ಒಳಗೇ ಸಿಕ್ಕಿಕೊಂಡಿತು. ಆ ಮೀನು ಎಷ್ಟು ಕಹಿಯಾಗಿತ್ತೆಂದರೆ ಓಣಿಯ ಬೆಕ್ಕು ಮೂಸಿ ನೋಡಿ ಹೊರಟುಹೋಯಿತು.

ಮೂರನೆಯ ದಿನ ಅವನು ಯೋಚನೆ ಮಾಡಿದ. ಹೊಗೆಗೂ ದಾರಿ ಬೇಕು. ಮೇಲಿನ ತಟ್ಟೆಗೆ ಬೆರಳು ಹೋಗುವಷ್ಟು ತೂತು ಕೊರೆದ, ಕೆಳಗೆ ಗಾಳಿಗೂ ಕೆಂಡ ಹಾಕಲಿಕ್ಕೂ ಇನ್ನೊಂದು ದೊಡ್ಡ ತೂತು. ಕೆಂಡವನ್ನು ಒಂದು ಬದಿಗೆ ಸರಿಸಿದ. ಜಾಲರಿಯ ಮೇಲೆ ನೀರು ತುಂಬಿದ ತಟ್ಟೆ ಇಟ್ಟ, ಕಾವು ನೇರ ತಾಗದಿರಲೆಂದು. ಸಿಪ್ಪೆ ಬಿಟ್ಟು ಒಣಗಿದ ಪೇರಳೆ ಕಡ್ಡಿ ಹಾಕಿದ. ಈಗ ಹೊಗೆ ತೆಳ್ಳಗೆ, ನೀಲಿಯಾಗಿ ಏಳತೊಡಗಿತು.

ಎಲ್ಲ ಸರಿಯಾಗಿತ್ತು. ಅವನೊಬ್ಬನೇ ಸರಿಯಿರಲಿಲ್ಲ. ಹತ್ತು ನಿಮಿಷಕ್ಕೊಮ್ಮೆ ಮುಚ್ಚಳ ಎತ್ತಿ ನೋಡುವನು. ಎತ್ತಿದಾಗಲೆಲ್ಲ ಹೊಗೆಯೆಲ್ಲ ಹಾರಿಹೋಗುವುದು, ಕೆಳಗೆ ಗಾಳಿ ಎಳೆದು ಕೆಂಡ ಉರಿದೇಳುವುದು. ಉರಿ ತಗ್ಗಿಸಲು ನೀರು ಚಿಮುಕಿಸುವನು. ಕೆಂಡ ಆರುವುದು. ಮತ್ತೆ ಬೀಸುವನು. ಎರಡು ಗಂಟೆಯಾದರೂ ಮೀನಿನ ಮೈ ಹಸಿಹಸಿಯಾಗಿಯೇ ಇತ್ತು. ಹನ್ನೊಂದನೆಯ ಸಲ ಮುಚ್ಚಳ ಎತ್ತಿದಾಗ ಹಿಂದಿನಿಂದ ಒಂದು ಧ್ವನಿ ಬಂತು.

"ಎಷ್ಟು ಸಲ ತೆಗಿತೀಯಾ ಮಾರಾಯಾ? ತೆಗೆದ್ರೆ ಎಂತ ಬೇಯ್ತದೆ?"

ಬೀರಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಒಂದು ತಿಂಗಳಲ್ಲಿ ಅವನು ಕೇಳಿದ ಅವಳ ಮೊದಲ ಮಾತು ಅದು. ಜಟ್ಟಪ್ಪ ಮುಚ್ಚಳವನ್ನು ಕೈಯಲ್ಲೇ ಹಿಡಿದು ತಿರುಗಿದ. "ಮತ್ತೆ ಎಂತ ಮಾಡ್ಲಿ ಅತ್ತೆ?" ಎಂದ.

"ಮುಚ್ಚು. ಕೂತ್ಕೋ."

ಅವನು ಮುಚ್ಚಿದ. ಆದರೆ ಕೆಂಡ ಅಷ್ಟರಲ್ಲಿ ಸತ್ತಿತ್ತು. ಬೀರಮ್ಮ ಒಳಗೆ ಹೋಗಿ ಮಲಗಿದಳು.

ನಾಲ್ಕನೆಯ ದಿನ ಬೆಳಿಗ್ಗೆ ಹತ್ತಕ್ಕೆ ಅವನು ಕೆಂಡ ಹೂಡಿ, ಮೀನು ತೂಗುಹಾಕಿ, ಮುಚ್ಚಳ ಮುಚ್ಚಿ, ಎದುರಿಗೆ ಒಂದು ಕಲ್ಲಿನ ಮೇಲೆ ಕೂತ. ಬೀಸುವ ರಟ್ಟನ್ನು ಬೇಕೆಂದೇ ಒಳಗಿಟ್ಟು ಬಂದಿದ್ದ. ಮೊದಲ ಅರ್ಧ ಗಂಟೆ ಕಷ್ಟವಾಯಿತು. ಕಾಲು ಅಲುಗಾಡಿಸಿದ, ಎರಡು ಸಲ ಎದ್ದು ಎರಡು ಸಲ ಕೂತ. ಆಮೇಲೆ ಏಳಲಿಲ್ಲ. ಕೆಲಸವಿಲ್ಲದ ಕೈಗಳನ್ನು ಏನು ಮಾಡಬೇಕೆಂದು ತಿಳಿಯದೆ ಮಡಿಲಲ್ಲಿ ಇಟ್ಟುಕೊಂಡ. ಮಾದೇವಿ ಹೋದ ಮೇಲೆ ಅವನು ಒಂದೇ ಕಡೆ ಇಷ್ಟು ಹೊತ್ತು ಕೂತದ್ದು ಅದೇ ಮೊದಲು.

ಬೀರಮ್ಮ ಹೊರಗೆ ಬಂದಳು. ಮೀನಿನ ಬುಟ್ಟಿಯೊಂದನ್ನು ಮಗುಚಿ ಅದರ ಮೇಲೆ ಕೂತಳು. ಅವನಿಗೆ 'ತಿನ್ನಿ ಅತ್ತೆ' ಎಂಬ ಮಾತು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡ. ಇಬ್ಬರೂ ಡಬ್ಬವನ್ನು ನೋಡುತ್ತ ಕೂತರು. ಹನ್ನೊಂದಾಯಿತು, ಹನ್ನೆರಡಾಯಿತು. ಒಮ್ಮೆ ಅವನು ಕೆಳಗಿನ ತೂತಿನಿಂದ ಎರಡು ಕೆಂಡ, ಒಂದು ಕಡ್ಡಿ ಸೇರಿಸಿದ. ಬೇರೆ ಏನೂ ಮಾಡಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಬೀರಮ್ಮ ತಾನಾಗಿಯೇ ಮಾತು ತೆಗೆದಳು.

"ಮಾದೇವಿ ಸಣ್ಣವಳಿದ್ದಾಗ ಮಣೆ ಮೇಲೆ ಮಣೆ ಇಟ್ಟು ಹತ್ತಿ, ಒಲೆ ಮೇಲಿನ ಮೀನು ಕಿತ್ತು ತಿಂತಿದ್ದಳು. ಅರ್ಧ ಒಣಗಿದ್ದು. ಹೊಟ್ಟೆ ನೋವು ಬರ್ತಿತ್ತು. ಕೇಳಿದ್ರೆ ಇಲಿ ತಿಂದದ್ದು ಅಂತಿದ್ದಳು. ಇಲಿ ತಿಂದದ್ದಕ್ಕೆ ನಿಂಗ್ಯಾಕೆ ಹೊಟ್ಟೆ ನೋವು ಅಂತ ನಾನು."

ಜಟ್ಟಪ್ಪ ನಕ್ಕ. ನಗು ಅರ್ಧಕ್ಕೆ ನಿಂತಿತು. "ನಂಗೂ ಹಾಗೇ ಹೇಳ್ತಿದ್ದಳು ಅತ್ತೆ. ಮಾರಲಿಕ್ಕೆ ಇಟ್ಟ ಮೀನು ಒಂದು ಕಮ್ಮಿಯಾದ್ರೆ ಬೆಕ್ಕು ಅಂತಿದ್ದಳು" ಎಂದ. ಅವನು ಅಂಗೈಯಿಂದ ಕಣ್ಣು ಒರೆಸಿಕೊಂಡು, "ಹೊಗೆ" ಎಂದ.

"ಹೊಗೆ ಆ ಕಡೆ ಹೋಗ್ತಾ ಉಂಟು" ಎಂದಳು ಬೀರಮ್ಮ.

ಆಗ ಆ ಗಟ್ಟಿ ಮನುಷ್ಯ ಅತ್ತ. ಬೀರಮ್ಮನೂ ಅತ್ತಳು. ಒಬ್ಬರು ಇನ್ನೊಬ್ಬರನ್ನು ಸುಮ್ಮನಿರಿಸಲು ಹೋಗಲಿಲ್ಲ. ಪಕ್ಕದ ಮನೆಯವಳು ಸದ್ದು ಕೇಳಿ ಬಂದು, ನೋಡಿ, ಹಾಗೇ ಹಿಂದೆ ಹೋದಳು.

ಎರಡು ಗಂಟೆಯ ಸುಮಾರಿಗೆ ಬೀರಮ್ಮ "ಈಗ ತೆಗಿ" ಎಂದಳು. ಮೀನುಗಳು ಜೇನಿನ ಬಣ್ಣಕ್ಕೆ ತಿರುಗಿದ್ದವು. ಮುಟ್ಟಿದರೆ ಚರ್ಮ ಬಿಗಿಯಾಗಿತ್ತು, ಮುರಿದರೆ ಒಳಗೆ ಮೆತ್ತಗಿತ್ತು. ಅವಳು ಒಂದು ತುಂಡು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದಳು.

"ಉಪ್ಪು ಸಾಲ್ದು" ಎಂದಳು.

ಆದರೂ ಇಡೀ ಮೀನು ತಿಂದಳು. ತಿಂದು, ಅವನಿಗೂ ಒಂದು ಕಿತ್ತುಕೊಟ್ಟಳು.

ಅಲ್ಲಿಗೆ ಎಲ್ಲ ಸರಿಹೋಯಿತು ಎಂದು ನಾನು ಹೇಳುವುದಿಲ್ಲ. ಮಾರನೆಯ ದಿನ ಅವಳು ಮತ್ತೆ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಜಟ್ಟಪ್ಪ ಬಾಗಿಲಲ್ಲಿ ನಿಂತು ಏನೂ ಹೇಳಲಿಲ್ಲ. ಒಳಗೆ ಹೋಗಿ ಚಾಪೆಯ ತುದಿಯಲ್ಲಿ ಕೂತ. ಆ ದಿನ ಅವನ ಗಿರಾಕಿಗಳು ಕಾದು ಹೋದರು. ಅದರ ಮಾರನೆಯ ದಿನ ಅವಳು ಎದ್ದು ಅನ್ನ ಉಂಡಳು. ಒಂದು ದಿನ ಉಣ್ಣುವುದು, ಒಂದು ದಿನ ಬಿಡುವುದು, ಹೀಗೆ ಹೋಗಿ ಹೋಗಿ ಮಳೆ ಶುರುವಾಗುವ ಹೊತ್ತಿಗೆ ಬಳೆ ಮಣಿಕಟ್ಟಿನಲ್ಲಿ ನಿಲ್ಲತೊಡಗಿತು. ಬೀರಮ್ಮ ಆ ಮನೆಯಲ್ಲಿ ಇನ್ನೂ ಒಂಬತ್ತು ವರ್ಷ ಬದುಕಿದಳು. ವಾರಕ್ಕೊಮ್ಮೆ ಇಬ್ಬರೂ ಅಂಗಳದಲ್ಲಿ ಕೂತು ಮೀನಿಗೆ ಹೊಗೆ ಹಾಕುತ್ತಿದ್ದರು. ಉಪ್ಪಿನ ವಿಷಯದಲ್ಲಿ ಕೊನೆಯವರೆಗೂ ಅವರಿಗೆ ಒಮ್ಮತವಾಗಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಶಂಭುಲಿಂಗ ಕೇಳಿದ: "ಗುರುಗಳೇ, ಕತೆ ತಿಳಿಯಿತು. ನಾಲ್ಕನೆಯ ಸಲ ಹೋಗುತ್ತೇನೆ. ಆದರೆ ಅವಳು ಬಾಗಿಲು ತೆರೆದರೆ ನಾನು ಮೊದಲು ಆಡಬೇಕಾದ ಮಾತು ಯಾವುದು?"

ಗುರುಗಳು ಹೇಳಿದರು: "ಆ ಮೂರು ಸಲದಲ್ಲಿ, ಒಂದು ಮೀನು ಹೊಗೆಯಲ್ಲಿ ಬೇಯುವಷ್ಟು ಹೊತ್ತು ನೀನು ಅವಳ ಮನೆಯಲ್ಲಿ ಕೂತಿದ್ದೆಯಾ?"

ಶಂಭುಲಿಂಗ ತಲೆ ತಗ್ಗಿಸಿದ.