ಕೆನ್ನೆಗೆ ಒತ್ತಿ ತಂದ ಟೈರು

ನದಿಯ ದಡದ ಆ ಆಶ್ರಮದಲ್ಲಿ ಒಂದು ಪದ್ಧತಿಯಿತ್ತು. ಗುರುಗಳಿಗೆ ಸಲ್ಲುವ ಯಾವ ವಸ್ತುವನ್ನಾದರೂ ಶಿಷ್ಯ ಮೊದಲು ತನ್ನ ಕೆನ್ನೆಗೆ ಒತ್ತಿ ನೋಡಬೇಕು. ಒರಟೆನಿಸಿದರೆ ಹಿಂದಕ್ಕೆ ಕೊಡಬೇಕು. ಪಂಚೆಗೂ ಹೊದಿಕೆಗೂ ಅದೇ ಪರೀಕ್ಷೆ.

ಹಾಗಾಗಿ ಆಶ್ರಮದ ಜೀಪಿಗೆ ಹೊಸ ಟೈರು ತರಲು ಪೇಟೆಗೆ ಹೋದ ಶಿಷ್ಯ ತ್ರಯಂಬಕ, ಅಂಗಡಿಯಲ್ಲಿ ಮಂಡಿಯೂರಿ ಕುಳಿತು ಒಂದೊಂದು ಟೈರಿಗೂ ಕೆನ್ನೆ ಒತ್ತಿದ.

ಅಂಗಡಿಯ ಮಸ್ತಾನ್ ಸಾಹೇಬರಿಗೆ ನಗು ತಡೆಯಲಾಗಲಿಲ್ಲ. "ಏನ್ ಸ್ವಾಮಿ, ಟೈರನ್ನ ಮುದ್ದು ಮಾಡ್ತಿದ್ದೀರಲ್ಲ!"

"ಗುರುಗಳು ಕೂರುವ ಗಾಡಿ ಸಾಹೇಬರೇ. ದಾರಿಯ ಒಂದು ಕಲ್ಲೂ ಅವರಿಗೆ ಗೊತ್ತಾಗಬಾರದು."

"ನಿಮ್ಮದು ಜಲ್ಲಿ ರಸ್ತೆ ಅಲ್ವಾ?"

"ಅದಕ್ಕೇ ಮೆತ್ತಗಿರುವುದು ಬೇಕು."

ಎಲ್ಲಕ್ಕಿಂತ ಮೆತ್ತಗಿದ್ದವನ್ನೇ ಆರಿಸಿ ತಂದ.

ಆಶ್ರಮದಿಂದ ಗುಡ್ಡದ ಮೇಲಿನ ಕರೇಕಲ್ಲು ಹಳ್ಳಿಗೆ ಹೋಗುವ ರಸ್ತೆ ಉದ್ದಕ್ಕೂ ಚೂಪು ಜಲ್ಲಿ. ಆ ಹಳ್ಳಿಯವರಿಗೆ ಈ ಜೀಪನ್ನು ಬಿಟ್ಟರೆ ಬೇರೆ ಗಾಡಿಯಿಲ್ಲ.

ಹೊಸ ಟೈರು ಹಾಕಿದ ಮರುದಿನ ತ್ರಯಂಬಕ ಗುರುಗಳನ್ನು ಹಳ್ಳಿಗೆ ಕರೆದೊಯ್ದ. ಅಲ್ಲಿ ಗಂಗವ್ವ ಎಂಬ ಮುದುಕಿ ಅವನನ್ನು ತಡೆದು ನಿಲ್ಲಿಸಿದಳು. ಅವಳ ಸೊಸೆ ಸಾಕಮ್ಮ ತುಂಬು ಗರ್ಭಿಣಿ.

"ಮಗು ಅಡ್ಡ ಐತಂತೆ. ನೋವು ಬಂದ ಕೂಡ್ಲೇ ಆಸ್ಪತ್ರೆಗೆ ತರಬೇಕು ಅಂದವ್ರೆ ಡಾಕ್ಟ್ರಮ್ಮ. ನಿನ್ನ ಜೀಪೇ ನಂಬ್ಕೊಂಡಿವ್ನಿ ಕಣಪ್ಪ."

"ಹೊಸ ಟೈರು ಅವ್ವಾ. ತೊಟ್ಟಿಲಲ್ಲಿ ಕೂತ ಹಾಗೆ ಹೋಗಬಹುದು" ಎಂದ ತ್ರಯಂಬಕ.

ಇಳಿಯುವಾಗ ಮೊದಲ ತಿರುವಿನಲ್ಲೇ ಒಂದು ಟೈರು ಸಿಡಿಯಿತು. ಸ್ಟೆಪ್ನಿ ಹಾಕಿದ. ಮುಂದಿನ ತಿರುವಿನಲ್ಲಿ ಇನ್ನೊಂದು ಹೋಯಿತು.

"ಹಾಳು ಜಲ್ಲಿ!" ಎಂದು ತ್ರಯಂಬಕ ಕಲ್ಲೊಂದನ್ನು ಒದ್ದ.

"ಜಲ್ಲಿ ಇವತ್ತು ಬಂದು ಬಿದ್ದಿತೇನೋ?" ಎಂದರು ಗುರುಗಳು.

ತ್ರಯಂಬಕ ತಲೆ ತಗ್ಗಿಸಿದ. "ಕೆನ್ನೆಗೆ ಒತ್ತಿ ನೋಡಿಯೇ ತಂದೆ, ಗುರುಗಳೇ."

"ಟೈರಿಗೆ ಒತ್ತಿದೆ. ರಸ್ತೆಗೆ ಒತ್ತಿ ನೋಡಿದೆಯಾ?"

ಗುರುಗಳು ಜೀಪಿನ ಪೆಟ್ಟಿಗೆಯಿಂದ ಒಂದು ಜೊತೆ ಉಣ್ಣೆಯ ಪಾದರಕ್ಷೆ ತೆಗೆದರು. ಹಿಂದಿನ ವರ್ಷ ತ್ರಯಂಬಕನೇ ಕೆನ್ನೆಗೆ ಒತ್ತಿ ತಂದು ಅರ್ಪಿಸಿದ್ದು. ಗುರುಗಳು ಅದನ್ನು ಒಮ್ಮೆಯೂ ಮೆಟ್ಟಿರಲಿಲ್ಲ.

"ಹಾಕಿಕೊಂಡು ನಡಿ."

ಜೀಪನ್ನು ಅಲ್ಲೇ ಬಿಟ್ಟು ಇಬ್ಬರೂ ನಡೆದರು. ಗುರುಗಳ ಹಳೆಯ ದಪ್ಪ ಚರ್ಮದ ಚಪ್ಪಲಿ ಕರಕರ ಸದ್ದು ಮಾಡುತ್ತಿತ್ತು. ತ್ರಯಂಬಕನ ಕಾಲಿನಿಂದ ಸದ್ದೇ ಇಲ್ಲ. ಬಾಯಿಂದ ಮಾತ್ರ ಹೆಜ್ಜೆಹೆಜ್ಜೆಗೂ "ಅಯ್ಯೋ" ಬರುತ್ತಿತ್ತು.

ಆಶ್ರಮ ಮುಟ್ಟುವ ಹೊತ್ತಿಗೆ ಅವನ ಕಿರುಬೆರಳ ಬಳಿ ರಕ್ತ ಜಿನುಗುತ್ತಿತ್ತು.

"ಪಾದರಕ್ಷೆ ಎಲ್ಲಿ ಹರಿದಿದೆ?" ಎಂದರು ಗುರುಗಳು.

"ಪಕ್ಕದಲ್ಲಿ, ಗುರುಗಳೇ. ತಳ ಹಾಗೆಯೇ ಇದೆ."

"ಟೈರು?"

ತ್ರಯಂಬಕ ಕುಂಟುತ್ತಲೇ ಜೀಪಿನವರೆಗೆ ಹಿಂದಿರುಗಿ, ನೆಲಕ್ಕೆ ಬಾಗಿ ನೋಡಿದ. ಎರಡು ಟೈರುಗಳ ತಳವೂ ಹೊಸದರಂತೆಯೇ ಇತ್ತು. ಸೀಳಿದ್ದು ಪಕ್ಕೆ.

ಆ ಮಧ್ಯಾಹ್ನವೇ ಅವನು ಮತ್ತೆ ಅಂಗಡಿಯಲ್ಲಿದ್ದ.

"ಈ ಸಲ ಕೆನ್ನೆ ಬೇಡ್ವಾ ಸ್ವಾಮಿ?"

"ಬೇಡ ಸಾಹೇಬರೇ" ಎಂದು ತ್ರಯಂಬಕ ಹಿಮ್ಮಡಿಯಿಂದ ಒಂದು ಟೈರಿನ ಪಕ್ಕೆಯನ್ನು ಬಲವಾಗಿ ಒತ್ತಿದ. ಅದು ತಗ್ಗಿತು. ಪಕ್ಕಕ್ಕಿಟ್ಟ. ಇನ್ನೊಂದರ ಪಕ್ಕೆ ಗಟ್ಟಿಯಾಗಿತ್ತು, ಆದರೆ ತಳದ ಉಬ್ಬು ಬಟನ್‌ಗಳ ಸಂದು ಕಿರಿದು. ಜೇಬಿನಿಂದ ತನ್ನ ರಸ್ತೆಯ ಜಲ್ಲಿಕಲ್ಲೊಂದನ್ನು ತೆಗೆದು ತುರುಕಿದ. ಸಿಕ್ಕಿಕೊಂಡು ನಿಂತಿತು. ಅದೂ ಬೇಡ.

ಕೊನೆಗೆ ಮೂಲೆಯಲ್ಲಿ ಒಂದು ಸಿಕ್ಕಿತು. ದಪ್ಪ ಪಕ್ಕೆ, ಬಿರುಸು ರಬ್ಬರು, ದೊಡ್ಡ ಬಟನ್‌ಗಳ ನಡುವೆ ಅಗಲವಾದ ಸಂದು. ಕಲ್ಲು ನಿಲ್ಲದೆ ಉದುರಿತು.

"ಗಟ್ಟಿಮುಟ್ಟಾದದ್ದೇ ಹಿಡಿದಿರಿ" ಎಂದರು ಸಾಹೇಬರು. "ಆದರೆ ಗುರುಗಳಿಗೆ ಕುಲುಕುತ್ತೆ, ಮತ್ತೆ ನನ್ನನ್ನ ಬೈಬೇಡಿ."

ತ್ರಯಂಬಕನ ಕಾಲಿನ ಕಿರುಬೆರಳು ಚುರುಗುಟ್ಟಿತು.

"ಕುಲುಕಲಿ. ಇಂಥವೇ ನಾಲ್ಕು ಕೊಡಿ."

ಸಂಜೆಯೊಳಗೆ ನಾಲ್ಕನ್ನೂ ಜೀಪಿಗೆ ಹಾಕಿದ. ಮರುದಿನ ಬೆಳಕು ಹರಿಯುವಾಗ ಹಳ್ಳಿಯಿಂದ ಕರೆ ಬಂತು. ತ್ರಯಂಬಕ ಜೀಪಿನಲ್ಲಿ ಗುಡ್ಡ ಹತ್ತಿದ, ಸಾಕಮ್ಮನನ್ನೂ ಗಂಗವ್ವನನ್ನೂ ಕೂರಿಸಿಕೊಂಡು ಇಳಿದ. ಮೊದಲ ತಿರುವು ದಾಟಿತು. ಎರಡನೆಯದೂ ದಾಟಿತು. ಜಲ್ಲಿ ಟೈರಿನಡಿಯಿಂದ ಪಟಪಟ ಹಾರಿ ರಸ್ತೆ ಪಕ್ಕದ ಗುಂಡಿಗೆ ಬಿತ್ತು.

"ತೊಟ್ಟಿಲು ಅಂದ್ಯಲ್ಲೋ, ಒನಕೇಲಿ ಕುಟ್ಟಿದಂಗಾಯ್ತದೆ!" ಎಂದು ಗಂಗವ್ವ ಸೊಸೆಯನ್ನು ತಬ್ಬಿ ಹಿಡಿದೇ ಬೈದಳು.

"ಬೈಯಿ ಅವ್ವಾ, ಎಷ್ಟು ಬೇಕಾದರೂ ಬೈಯಿ!" ಎಂದ ತ್ರಯಂಬಕ. ಜಲ್ಲಿ ಮುಗಿದು ಡಾಂಬರು ಸಿಕ್ಕಿತ್ತು.

ಆಸ್ಪತ್ರೆಯಲ್ಲಿ ಹೆಣ್ಣು ಮಗು ಹುಟ್ಟಿತು. ಅಳು ಹೊರಗಿನ ಅಂಗಳದವರೆಗೂ ಕೇಳಿಸಿತು. ತ್ರಯಂಬಕ ಓಡಿಹೋಗಿ ನಾಲ್ಕೂ ಟೈರಿನ ಪಕ್ಕೆಯ ಮೇಲೆ ಕೈಯಾಡಿಸಿದ. ಒಂದು ಗೀರೂ ಇರಲಿಲ್ಲ.

ಬಾಣಂತಿಯನ್ನು ಊರಿಗೆ ಬಿಡುವ ದಿನ ಗುರುಗಳೂ ಜೊತೆಗೆ ಹೊರಟರು. ತಮ್ಮ ಆಸನದ ಮೆತ್ತೆಯನ್ನು ಸಾಕಮ್ಮನಿಗೆ ಕೊಟ್ಟು, ತಾವು ಹಿಂದಿನ ಬರಿಯ ಕಬ್ಬಿಣದ ಹಲಗೆಯ ಮೇಲೆ ಕುಳಿತರು.

ಜೀಪು ಜಲ್ಲಿಯ ಮೇಲೆ ಎಗರುತ್ತ, ಗುಡುಗುತ್ತ ಗುಡ್ಡ ಹತ್ತಿತು. ಮಗು ನಿದ್ದೆಯಲ್ಲಿತ್ತು. ತ್ರಯಂಬಕನಿಗೆ ಮನಸ್ಸು ತಡೆಯಲಿಲ್ಲ. ವೇಗ ತಗ್ಗಿಸಿ ಹಿಂದಿರುಗಿ ಕೇಳಿದ:

"ತುಂಬಾ ಕುಲುಕುತ್ತಿದೆಯಾ ಗುರುಗಳೇ?"

ಗುರುಗಳು ಎರಡೂ ಕೈಯಲ್ಲಿ ಕಂಬಿ ಹಿಡಿದು ನಗುತ್ತಿದ್ದರು.

"ಒಂದೊಂದು ಕಲ್ಲೂ ಗೊತ್ತಾಗುತ್ತಿದೆ ಕಣೋ. ನಿಲ್ಲಿಸಬೇಡ, ನಡೆಸು!"